ಮಲಗಿದವರಿಗೂ ವಣಕ್ಕಂ

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಮೊದಲು ಹೇಳಿದವರು ಯಾರೋ, ಅವರಿಗೆ ಜನ್ಮದಲ್ಲಿ ಸಿಟ್ಟು ಬಂದಿರಲಿಕ್ಕಿಲ್ಲ. ನಾನು ಎಣಿಸಿ ನೋಡಿದ್ದೇನೆ. ಹತ್ತು ಮುಗಿಯುವ ಹೊತ್ತಿಗೆ ಮೊದಲು ಹೊಳೆಯದೇ ಇದ್ದ ಒಳ್ಳೊಳ್ಳೆಯ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದು ನಿಂತಿರುತ್ತವೆ. ಅದರಲ್ಲೂ ನಾವು ತಮಿಳುನಾಡಿನ ಗಡಿಯ ಹೊಸೂರು ಕಡೆಯವರು. ಬೇಡಿಕೊಳ್ಳುವುದಕ್ಕೆ ಕನ್ನಡ, ಆಫೀಸಿನ ಮಾತಿಗೆ ತಮಿಳು, ಜಗಳಕ್ಕೆ ತೆಲುಗು ಎಂದು ದೇವರು ನಮಗೆ ಮೂರು ಭಾಷೆ ಕೊಟ್ಟಿದ್ದಾನೆ. ಮೂರರಲ್ಲೂ ಎಣಿಸಿದ್ದಾಗಿದೆ, ನನ್ನ ಸಿಟ್ಟು ಇಳಿದದ್ದಿಲ್ಲ. ಬಾಗಲೂರಿನ ನಮ್ಮ ಬೀದಿಯಲ್ಲಿ ನನ್ನನ್ನು ಮಂಜುಳಾ ಎನ್ನುವವರಿಗಿಂತ ಸಿಡುಕಿ ಎನ್ನುವವರೇ ಹೆಚ್ಚು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅದನ್ನೂ ಫೋನಿನಲ್ಲಿ ಹೇಳುತ್ತಾರೆ. ಎದುರಿಗೆ ಹೇಳುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ.

ನನ್ನ ಮಗ ಲೋಹಿತನಿಗೆ ನಾಲ್ಕು ವರ್ಷ. ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುವುದು ಅವನ ಮರ್ಜಿ. ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು, ಇಷ್ಟರಲ್ಲೇ ಒಂದು ಬೆಳಗನ್ನು ಆರಾಮವಾಗಿ ಕಳೆಯಬಲ್ಲ. ಇದನ್ನು ಓದಿದ ತಕ್ಷಣ ನಿಮ್ಮ ಬಾಯಿಗೂ ಒಂದು ಸಲಹೆ ಬಂದಿರುತ್ತದೆ, ದಯವಿಟ್ಟು ನುಂಗಿಕೊಳ್ಳಿ. ಎಲ್ಲವನ್ನೂ ಕೇಳಿ ಮುಗಿಸಿದ್ದೇನೆ. ನಮ್ಮತ್ತೆ "ಬಜೆ ತೇದು ನಾಲ್ಗೆಗೆ ತಿಕ್ಕವ್ವ, ನಿನ್ ಗಂಡಂಗೂ ಅಂಗೇ ಮಾತ್ ಬಂದಿದ್ದು" ಎಂದರು. ತಿಕ್ಕಿದೆ. ಮಾತು ಬರಲಿಲ್ಲ, ಅವನು ನನ್ನ ಬೆರಳು ಕಚ್ಚಿದ. ಅಲ್ಲದೆ ಬಜೆಯಿಂದ ನಮ್ಮ ಯಜಮಾನರಿಗೆ ಬಂದಿರುವ ಮಾತು ಎಷ್ಟು ಎಂಬುದು ನನಗೆ ಗೊತ್ತಿಲ್ಲವೇ? ಎದುರು ಮನೆಯಾಕೆ ಮಾತ್ರ ಸೊಪ್ಪು ಬಿಡಿಸುತ್ತಾ, "ನೀನ್ ಫ್ಯಾಕ್ಟ್ರಿಗೆ ಓಯ್ತೀಯಲ್ಲ, ಮಗೀಗೆ ಮಾತಾಡ್ಸೋರ್ ಯಾರವ್ರೆ, ಅದುಕ್ಕೇ ಕಣೆ" ಎಂದಳು. ಫ್ಯಾಕ್ಟರಿಗೆ ಅವನ ಅಪ್ಪನೂ ಹೋಗುತ್ತಾರೆ. ಅವರು ಹೋಗುವುದರಿಂದ ಮಕ್ಕಳ ಮಾತು ನಿಲ್ಲುವುದಿಲ್ಲ, ನಾನು ಹೋದರೆ ಮಾತ್ರ ನಿಂತುಬಿಡುತ್ತದೆ! ಆ ದಿನದಿಂದ ಅವಳ ಮನೆಯ ಕರಿಬೇವು ನಮ್ಮ ಒಗ್ಗರಣೆಗೆ ಬಿದ್ದಿಲ್ಲ.

ಕೊನೆಗೆ ಕೃಷ್ಣಗಿರಿಯ ಡಾಕ್ಟರೊಬ್ಬರು ಇಂಥ ಪುಟ್ಟ ಮಕ್ಕಳಿಗೆಂದೇ ಹೊಸೂರಿನಲ್ಲಿ ಒಂದು ಸ್ಪೆಷಲ್ ಕ್ಲಾಸ್ ಇದೆ, ಬಿಡದೆ ಕಳಿಸಿ ಎಂದರು. ಸೇರಿಸಿದೆವು. ಕ್ಲಾಸು ಒಳ್ಳೆಯದು. ಕಲಿಸುವ ಮಿಸ್ ಚಿಕ್ಕ ವಯಸ್ಸಿನ ತಮಿಳು ಹುಡುಗಿ, ಒಳ್ಳೆಯವಳು. ಆದರೆ ಅದು ಬೆಳಗ್ಗೆ ತೆರೆದು ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತದೆ. ಅರ್ಧ ದಿನದ ಶಾಲೆಯನ್ನು ಕಂಡುಹಿಡಿದವರಿಗೆ ಉಳಿದ ಅರ್ಧ ದಿನ ಮಗು ಎಲ್ಲಿರುತ್ತದೆ ಎಂಬ ಪ್ರಶ್ನೆ ಹೊಳೆದೇ ಇಲ್ಲ. ಹೊಳೆದಿದ್ದರೂ "ಅದಕ್ಕೇನು, ತಾಯಿ ಇರುತ್ತಾಳಲ್ಲ" ಎಂದುಕೊಂಡು ಎಲೆಯಡಿಕೆ ಹಾಕಿಕೊಂಡಿರಬೇಕು. ತಾಯಿ ಇರುವುದು ಫ್ಯಾಕ್ಟರಿಯಲ್ಲಿ. ಅತ್ತೆ ಬೆಳಗಿನ ಜಾವಕ್ಕೇ ರೋಜಾ ತೋಟಕ್ಕೆ ಹೂ ಕೊಯ್ಯಲು ಹೋಗುವವರು. ಹಾಗಾಗಿ ಲೋಹಿತ ಮೊದಲಿನಿಂದಲೂ ಹೋಗುತ್ತಿದ್ದ, ಹೊಸೂರಿನಲ್ಲೇ ಇರುವ ಡೇ ಕೇರನ್ನು ಬಿಡುವಂತಿರಲಿಲ್ಲ. ಬೆಳಗ್ಗೆ ನಾನು ಅವನನ್ನು ಡೇ ಕೇರಿನಲ್ಲಿ ಬಿಡುವುದು, ಅಲ್ಲಿಂದ ನಮ್ಮೂರಿನ ಮುನಿರಾಜಣ್ಣ ಆಟೋದಲ್ಲಿ ಕ್ಲಾಸಿಗೆ ಕರೆದೊಯ್ಯುವುದು, ಮಧ್ಯಾಹ್ನ ಅದೇ ಆಟೋದಲ್ಲಿ ಮತ್ತೆ ಡೇ ಕೇರಿಗೆ ತರುವುದು, ಸಂಜೆ ನಾನು ಮನೆಗೆ ತರುವುದು. ಅಂಚೆಗೆ ಹಾಕಿದ ಪಾರ್ಸೆಲ್ಲು ಕೂಡ ದಿನಕ್ಕೆ ಇಷ್ಟು ಸಲ ಕೈ ಬದಲಾಯಿಸುವುದಿಲ್ಲ. ಮುನಿರಾಜಣ್ಣ ಮಾತ್ರ ಖುಷಿಯಾಗಿದ್ದ. "ಏನೂ ಯೋಚ್ನೆ ಮಾಡ್ಬ್ಯಾಡ ಕಣಮ್ಮಿ. ನಮ್ಮಣ್ಣನ್ ಮಗಂಗೆ ಐದ್ ವರ್ಸುಕ್ಕೆ ಮಾತ್ ಬಂತು. ಈಗ ನಿಲ್ಸು ಅಂದ್ರೂ ನಿಲ್ಸಾಕಿಲ್ಲ" ಎನ್ನುತ್ತಿದ್ದ. ಆ ಅಣ್ಣನ ಮಗನನ್ನು ನಾನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಕೆಲವು ತಿಂಗಳಾದ ಮೇಲೆ ಒಂದು ದಿನ ಮಿಸ್ ಫೋನ್ ಮಾಡಿ "ಅಕ್ಕಾ, ಲೋಹಿತ್ ಪೇಸಿಟ್ಟಾನ್!" ಎಂದು ಕೂಗಿದಳು. ಮಾತಾಡಿಬಿಟ್ಟನಂತೆ! ಅವರ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಒಳಗೆ ಬಂದ ಮಗು ಅಲ್ಲಿರುವ ಒಬ್ಬೊಬ್ಬರ ಮುಂದೆಯೂ ನಿಂತು, ಮುಖ ನೋಡಿ, ಕೈ ಜೋಡಿಸಿ ವಣಕ್ಕಂ ಹೇಳಬೇಕು. ಯಾರನ್ನೂ ಬಿಡುವಂತಿಲ್ಲ. ಎದುರಿನವರು ತಿರುಗಿ ವಣಕ್ಕಂ ಎನ್ನುವವರೆಗೆ ಅಲ್ಲಿಂದ ಕದಲುವಂತಿಲ್ಲ. ಒಂದು ಮುಖವನ್ನು ನೋಡಿ, ಕಾದು, ಉತ್ತರ ಪಡೆಯುವುದು ಈ ಮಕ್ಕಳಿಗೆ ಬೆಟ್ಟ ಹತ್ತಿದಷ್ಟು ಕಷ್ಟ ಎಂದು ಮಿಸ್ ನನಗೆ ವಿವರಿಸಿದ್ದಳು. ಆ ಬೆಟ್ಟವನ್ನು ನನ್ನ ಮಗ ಹತ್ತಿದ್ದ. 'ಅಮ್ಮ' ಎನ್ನಲಿಲ್ಲ, 'ಅಪ್ಪ' ಎನ್ನಲಿಲ್ಲ, ವಣಕ್ಕಂ ಎಂದ. ನಾನು ಫ್ಯಾಕ್ಟರಿಯ ಕ್ಯಾಂಟೀನಿನ ಹಿಂದೆ ನಿಂತು ಅತ್ತುಬಿಟ್ಟೆ. ಅಳುತ್ತಿರುವಾಗಲೂ, ಮೊದಲ ಮಾತು ನನ್ನದಾಗಲಿಲ್ಲವಲ್ಲ ಎಂದು ಸ್ವಲ್ಪ ಸಿಟ್ಟು ಬಂದಿತ್ತು ಎನ್ನಿ.

ಈಗ ನಿಮಗೆ ಡೇ ಕೇರಿನ ಪದ್ಧತಿಯನ್ನೂ ಹೇಳಬೇಕು. ಅದನ್ನು ನಡೆಸುವ ಮೇಡಂ ವಯಸ್ಸಾದವರು, ಹಿಂದೆ ಟೀಚರಾಗಿದ್ದವರು, ಶಿಸ್ತಿನ ಮನುಷ್ಯೆ. ಅಲ್ಲಿ ಊಟವಾದ ಕೂಡಲೇ ಕಿಟಕಿ ಮುಚ್ಚಿ, ಚಾಪೆ ಹಾಸಿ, ಎಲ್ಲ ಮಕ್ಕಳನ್ನೂ ಸಾಲಾಗಿ ಮಲಗಿಸುತ್ತಾರೆ. ಒಬ್ಬನನ್ನು ಮಲಗಿಸುವಾಗ ಇನ್ನೊಬ್ಬ ಏಳುತ್ತಾನೆ, ಅವನನ್ನು ತಟ್ಟುವಾಗ ಮತ್ತೊಬ್ಬಳಿಗೆ ಬಚ್ಚಲಿಗೆ ಹೋಗಬೇಕು. ಅಂತೂ ಕೊನೆಯ ಮಗುವಿನ ಕಣ್ಣು ಮುಚ್ಚಿ, ಮೇಡಂ ಉಸ್ಸಪ್ಪಾ ಎಂದು ಗೋಡೆಗೆ ಒರಗುವ ಹೊತ್ತಿಗೆ ಸರಿಯಾಗಿ ಮುನಿರಾಜಣ್ಣನ ಆಟೋ ಬಂದು ನಿಲ್ಲುತ್ತದೆ. ಲೋಹಿತ ಒಳಗೆ ಬರುತ್ತಾನೆ. ಕಲಿತ ಮಗು ಏನು ಮಾಡಬೇಕೋ ಅದನ್ನೇ ಮಾಡುತ್ತಾನೆ. ಮೊದಲ ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಲಗಿರುವ ಮಗುವಿನ ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, "ವಣಕ್ಕಂ!" ಎನ್ನುತ್ತಾನೆ. ನಿದ್ದೆಯಲ್ಲಿರುವ ಮಗು ಉತ್ತರ ಕೊಡುವುದಿಲ್ಲ. ಉತ್ತರ ಬರುವವರೆಗೆ ಕದಲುವಂತಿಲ್ಲವಲ್ಲ! ಕೆನ್ನೆ ತಟ್ಟುತ್ತಾನೆ. ಮತ್ತೆ "ವಣಕ್ಕಂ!" ಆ ಮಗು ಕಿಟಾರನೆ ಕಿರುಚಿ ಎದ್ದು ಕೂರುತ್ತದೆ. ಅದನ್ನೇ ಉತ್ತರವೆಂದು ಒಪ್ಪಿಕೊಂಡು ಮುಂದಿನ ಚಾಪೆಗೆ ಹೋಗುತ್ತಾನೆ.

ಮೊದಲ ವಾರ ಮೇಡಂ ಸಹಿಸಿದರು. ಎರಡನೇ ವಾರ ಫ್ಯಾಕ್ಟರಿಯ ಗೇಟಿಗೆ ಫೋನ್ ಮಾಡಿದರು. "ನೋಡಮ್ಮ ಮಂಜುಳಾ, ನಿನ್ ಮಗ ಬಂದ, ಎಲ್ಲಾ ಎದ್ಬುಟ್ರು. ದಿನಾ ಇದೇ ಆಯ್ತು. ಬೇರೇರ್ ತಾಯ್ದೀರು ನನ್ನ ಕೇಳ್ತಾವ್ರೆ. ಒಂದಾ ಆ ಕ್ಲಾಸು ಬುಟ್ಟು ಇಡೀ ದಿನ ಇಲ್ಲೇ ಇರ್ಲಿ, ಇಲ್ಲಾ ಸೋಮ್ವಾರ್‌ದಿಂದ ಇಲ್ಲಿಗ್ ಬರೋದ್ ಬ್ಯಾಡ." ಕ್ಲಾಸು ಬಿಟ್ಟರೆ ಬಂದ ಒಂದೇ ಒಂದು ಮಾತೂ ಹೋಗುತ್ತದೆ. ಡೇ ಕೇರು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಮಿಸ್‌ಗೆ ಹೇಳಿದೆ. ಅವಳು ಗಾಬರಿಯಾಗಿ, ವಣಕ್ಕಂ ಹೇಳಿದ್ದಕ್ಕೆ ಮಗುವನ್ನು ಗದರಿಸಿದರೆ ಮತ್ತೆ ಬಾಯಿ ಮುಚ್ಚಿಬಿಡುತ್ತಾನೆ, ಯಾರೂ ತಡೆಯಕೂಡದೆಂದು ಆ ಮೇಡಂಗೆ ಹೇಳಿ ಎಂದಳು. ಹೇಳಿದೆ. ಮೇಡಂ, ಮಲಗಿದವರನ್ನು ಎಬ್ಬಿಸಬಾರದೆಂದು ಮೊದಲು ಕಲಿಸಲು ಆ ಮಿಸ್‌ಗೆ ಹೇಳು ಎಂದರು. ಅದನ್ನೂ ಹೇಳಿದೆ. ಇಬ್ಬರಿಗೂ ಫೋನಿದೆ, ಇಬ್ಬರಿಗೂ ಬಾಯಿದೆ, ನಡುವಿನ ದಾರಿ ಆಟೋದಲ್ಲಿ ಒಂದು ಬೀಡಿ ಸೇದಿ ಮುಗಿಯುವಷ್ಟು. ಆದರೂ ಒಬ್ಬರೊಡನೆ ಒಬ್ಬರು ಮಾತಾಡುವುದಿಲ್ಲ. ಮಾತು ಬರದಿರುವುದು ನನ್ನ ಮಗನಿಗೆ ಮಾತ್ರ ಎಂದು ಡಾಕ್ಟರು ಯಾಕೆ ಬರೆದುಕೊಟ್ಟರೋ!

ನಮ್ಮ ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಎಂದು ಒಂದಿದೆ. ಹೋಗುವವನು, ಬರುವವನು ಇಬ್ಬರೂ ಮೆಷಿನ್ನಿನ ಮುಂದೆಯೇ ನಿಂತು, ಈ ಬೋಲ್ಟು ಸಡಿಲ, ಈ ಬೆಲ್ಟು ಕಿರುಗುಟ್ಟುತ್ತದೆ ಎಂದು ಮುಖಾಮುಖಿ ಹೇಳಿಕೊಳ್ಳದೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಬೋಲ್ಟಿಗೆ ಇಷ್ಟು ಮರ್ಯಾದೆ! ಉಸಿರಾಡುವ ನನ್ನ ಮಗ ಕೈಯಿಂದ ಕೈಗೆ ಹೋಗುವಾಗ, ಇವನಿಗೆ ಇಂದು ಏನು ಬಂತು, ಏನು ಬರಲಿಲ್ಲ ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಇದನ್ನೆಲ್ಲ ಹೇಳಿ ಎರಡು ಲೋಟ ಕುಕ್ಕಿದೆ. ಅವರು ಮುದ್ದೆ ಮುರಿಯುತ್ತಾ, "ನೀನೇ ಒಂದ್ಸಲ ಓಗಿ ಸಮಾಧಾನ್‌ವಾಗಿ ಮಾತಾಡು" ಎಂದರು. ಹೋಗಿ ಮಾತಾಡು ಎಂದಿದ್ದರೆ ಸಾಕಿತ್ತು.

ಶುಕ್ರವಾರ ಸೂಪರ್‌ವೈಸರನ್ನು ಕಾಡಿ ಬೇಡಿ ಅರ್ಧ ದಿನ ರಜೆ ಪಡೆದೆ. ಬಸ್ಸಿನಲ್ಲಿ ಬರುತ್ತಾ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಕನ್ನಡದಲ್ಲಿ ಬೇಡಿಕೊಳ್ಳುವುದು, ಆಮೇಲೆ ತಮಿಳಿನಲ್ಲಿ ನಿಯಮ ಮಾತಾಡುವುದು, ತೆಲುಗನ್ನು ಮುಟ್ಟಲೇಬಾರದು ಎಂದು ಆಣೆ ಇಟ್ಟುಕೊಂಡೆ. ನಾನು ಹೋದಾಗ ಲೋಹಿತನ ಆಟೋ ಇನ್ನೂ ಬಂದಿರಲಿಲ್ಲ. ಕಿಟಕಿ ಮುಚ್ಚಿ ಹಾಲ್ ಕತ್ತಲಾಗಿತ್ತು, ಮಕ್ಕಳು ಸಾಲಾಗಿ ಮಲಗಿದ್ದವು. ಮೇಡಂ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, "ಮೆಲ್ಲುಗೆ ಮಾತಾಡಮ್ಮ" ಎಂದು ಪಿಸುಗುಟ್ಟಿದರು. ನಾನೂ ಮೆಲ್ಲಗೇ ಶುರುಮಾಡಿದೆ. "ಮೇಡಂ, ಅವ್ನ್ ಮಾಡ್ತಿರಾದ್ ತಪ್ಪಲ್ಲ, ಕಲ್ಸಿದ್ದುನ್ನೇ ಮಾಡ್ತಾವ್ನೆ" ಎಂದೆ. ಮೇಡಂ ಕಣ್ಣು ಮುಚ್ಚಿಕೊಂಡೇ, "ಎಲ್ಲಾ ತಾಯ್ದೀರೂ ಇಂಗೇ ಅನ್ನಾದು. ಮನೇಲ್ ಒಸಿ ಬುದ್ಧಿ ಹೇಳಿದ್ರೆ ಸರೋಗ್ತಿತ್ತು" ಎಂದರು.

ಬುದ್ಧಿ! "ಏನ್ ಬುದ್ಧಿ ಹೇಳ್ಲಿ ಮೇಡಂ? ಎಚ್ಚರ್‌ವಾಗಿರೋರ್ಗೆ ಮಾತ್ರ ಕೈ ಮುಗಿ, ಮಲ್ಗಿರೋರ್ಗೆ ಬ್ಯಾಡ ಅಂತಾನಾ? ನಾಲ್ಕ್ ವರ್ಸ ಕಾದಿವ್ನಿ ಆ ಒಂದ್ ಮಾತ್ಗೆ! ಅದುನ್ನೂ ನುಂಗ್ಕೋ ಅಂತ ನಾನೇ ಹೇಳ್ಕೊಡ್ಲಾ?" ಎಂದೆ. ಆಮೇಲೆ ಎದುರು ಮನೆಯಾಕೆಯ ಮೇಲಿನ ಸಿಟ್ಟು, ಅರ್ಧ ದಿನದ ಶಾಲೆಯ ಮೇಲಿನ ಸಿಟ್ಟು, ಬೋಲ್ಟುಗಳ ಮೇಲಿನ ಸಿಟ್ಟು, ಎಲ್ಲವೂ ಬಂತು. ಯಾವಾಗ ತೆಲುಗಿಗೆ ಇಳಿದೆನೋ ನನಗೇ ತಿಳಿಯಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ಹಾಲ್ ಕಣ್ಣಿಗೆ ಬಿತ್ತು. ಒಂದು ಮಗುವೂ ಮಲಗಿರಲಿಲ್ಲ. ಎಲ್ಲವೂ ಚಾಪೆಯ ಮೇಲೆ ಎದ್ದು ಕೂತು, ಅಳುವುದನ್ನೂ ಮರೆತು, ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.

ಅದೇ ಹೊತ್ತಿಗೆ ಆಟೋ ಬಂತು. ಲೋಹಿತ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಮೊದಲ ಚಾಪೆಯ ಮುಂದೆ ಕೂತು, ಕೈ ಜೋಡಿಸಿ "ವಣಕ್ಕಂ" ಎಂದ. ಆ ಹುಡುಗಿ ಕಣ್ಣುಜ್ಜಿಕೊಂಡು "ವಣಕ್ಕಂ" ಎಂದಳು. ಮುಂದಿನವನೂ ಎಂದ. ಅದರ ಮುಂದಿನವಳೂ. ಯಾರ ಕೆನ್ನೆಯನ್ನೂ ಅವನು ತಟ್ಟಲಿಲ್ಲ, ತಟ್ಟಬೇಕಾಗಲೇ ಇಲ್ಲ. ಸಾಲು ಮುಗಿಸಿ ಮೇಡಂ ಮುಂದೆ ನಿಂತ, ಅವರೂ ಕೈ ಮುಗಿದರು. ಕೊನೆಗೆ ನನ್ನ ಮುಂದೆ ಬಂದ. ಆ ಹೊತ್ತಿಗೆ ನಾನು ಅಲ್ಲಿರಬೇಕಾದವಳಲ್ಲ ಎಂಬ ಆಶ್ಚರ್ಯವೂ ಅವನಿಗಿರಲಿಲ್ಲ. ತಲೆಯೆತ್ತಿ ನನ್ನ ಮುಖವನ್ನೇ ನೋಡಿದ. ಮನೆಯಲ್ಲಿ ಎಷ್ಟು ಕರೆದರೂ ನೋಡದ ಆ ಕಣ್ಣು ಅಲ್ಲಿ ಕದಲದೆ ನಿಂತಿತ್ತು. "ವಣಕ್ಕಂ" ಎಂದು ಕಾದ. ಇಷ್ಟು ಹೊತ್ತು ಮೂರು ಭಾಷೆಯಲ್ಲಿ ಬಡಬಡಿಸಿದ ನಾನು ಅವನೆದುರು ಕುಕ್ಕರುಗಾಲಲ್ಲಿ ಕೂತು ಕೈ ಜೋಡಿಸಿದೆ. ಅವನು ಕಾಯುತ್ತಲೇ ಇದ್ದ. ಕೊನೆಗೆ ಹೇಗೋ "ವಣಕ್ಕಂ ಕಣಪ್ಪ" ಎಂದೆ. ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ಹೋಗಿ ತನ್ನ ಚಾಪೆಯ ಮೇಲೆ ಮಲಗಿದ. ಅವನನ್ನು ನೋಡಿ ಉಳಿದ ಮಕ್ಕಳೂ ಒಂದೊಂದಾಗಿ ಒರಗಿದವು.

ಮೇಡಂ ಚಾಪೆಗಳ ಸಾಲಿನತ್ತ ಒಮ್ಮೆ ಕಣ್ಣಾಡಿಸಿದರು. ಆಮೇಲೆ ನನ್ನ ತೋಳು ಹಿಡಿದು ಬಾಗಿಲ ಹತ್ತಿರ ಕರೆತಂದು ಪಿಸುಗುಟ್ಟಿದರು: "ಸೋಮ್ವಾರ್‌ದಿಂದ ಅವ್ನ್ ಬಂದ್ಮೇಲೇ ಚಾಪೆ ಹಾಸ್ತೀನಿ. ಹುಡ್ಗ ದಿನಾ ಬರ್ಲಿ, ಅವ್ನಿಂದ ಏನೂ ತೊಂದ್ರೆ ಇಲ್ಲ. ನೀನ್ ಮಾತ್ರ ಈ ಹೊತ್ನಲ್ಲಿ ಇತ್ಲಾಗ್ ಬರ್ಬ್ಯಾಡ ಕಣಮ್ಮ."

ನಾನೇನು ಕಡಿಮೆಯವಳೇ, ಉತ್ತರ ಕೊಡಲು ಬಾಯಿ ತೆರೆದೆ. ಮೇಡಂ ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಗೇಟಿನವರೆಗೂ ತುದಿಗಾಲಲ್ಲಿ ನಡೆದೆ.