ಮೂರು ಗಂಟೆಗೆ ಏಣಿ ಹತ್ತುವವನು

ದೆವ್ವಗಳು ಹಗಲು ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಆ ನಂಬಿಕೆಯ ಬಲದ ಮೇಲೆಯೇ ನಾನು ಧೈರ್ಯವಂತನೆಂದು ಹೆಸರು ಮಾಡಿದ್ದೆ. ಕತ್ತಲಾದ ಮೇಲೆ ಮನೆಯಿಂದ ಆಚೆ ಕಾಲಿಡದವನಿಗೆ ಧೈರ್ಯ ಪರೀಕ್ಷೆಯಾಗುವ ಸಂದರ್ಭಗಳು ಬರುವುದೇ ಕಡಿಮೆ. ಹಿತ್ತಲ ಬಾಗಿಲ ಚಿಲಕ ಹಾಕಲು ಹೆಂಡತಿಯನ್ನು ಕಳಿಸಿ, ಹೆಂಗಸರಿಗೆ ಇಂಥ ಜವಾಬ್ದಾರಿ ಅಭ್ಯಾಸವಾಗಬೇಕು ಎಂದು ಉಪದೇಶವನ್ನೂ ಮಾಡುತ್ತಿದ್ದೆ. ಅಂಥ ನಾನು ಹಾಡಹಗಲು ಮೂರು ಗಂಟೆಗೆ, ನನ್ನದೇ ನಡುಮನೆಯಲ್ಲಿ, ಹೆಬ್ಬೆರಳಷ್ಟೂ ಎತ್ತರವಿಲ್ಲದ ಒಬ್ಬ ಮನುಷ್ಯನನ್ನು ಕಂಡು ನಡುಗಿದ್ದನ್ನು ಇಂದಿನವರೆಗೂ ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಹೆಂಡತಿಗೂ ಅರ್ಧ ಮಾತ್ರ ಹೇಳಿದ್ದೇನೆ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಗೊರೂರಿನ ನೀರಾವರಿ ಇಲಾಖೆಯ ಸ್ಟೋರಿನಲ್ಲಿ ಗುಮಾಸ್ತ. ಎರಡು ಮನೆಗೆ ಒಂದೇ ಗೋಡೆಯ ಕ್ವಾರ್ಟರ್ಸ್‌ನಲ್ಲಿ ವಾಸ. ಆ ಬೇಸಿಗೆಯಲ್ಲಿ ನನಗೆ ಕಾಮಾಲೆಯಾಯಿತು. ಕಾಮಾಲೆ ಬಂದವನಿಗೆ ರೋಗಕ್ಕಿಂತ ನೋಡಲು ಬಂದವರ ಕಾಟ ಹೆಚ್ಚು. ಒಬ್ಬರು ನೆಲನೆಲ್ಲಿ ಅರೆದು ಕುಡಿಸಿದರು, ಇನ್ನೊಬ್ಬರು ಕಬ್ಬಿನ ಹಾಲು ಎಂದರು, ಮತ್ತೊಬ್ಬರು ರಟ್ಟೆಗೆ ಬರೆ ಹಾಕಿಸಿದರೆ ಮೂರೇ ದಿನ ಎಂದು ನನ್ನ ರಟ್ಟೆಯನ್ನು ಒತ್ತಿ ನೋಡಿದರು. ಹೆಂಡತಿ ಜಯಂತಿ ಹಾಸನದಲ್ಲಿ ಮೇಷ್ಟ್ರಗಿರಿ ಮಾಡುತ್ತಿದ್ದಳು. ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆ. ಹೀಗಾಗಿ ನನ್ನನ್ನು ನೋಡಿಕೊಳ್ಳಲು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ನಮ್ಮ ಕೆಂಪತ್ತೆ ಬಂದಳು. ಅವಳು ನನ್ನ ಅಪ್ಪನ ಅಕ್ಕ, ವಿಧವೆ, ಒಂದು ಕಣ್ಣಿಗೆ ಪೊರೆ. ಮಜ್ಜಿಗೆ ಅನ್ನ ಬಿಟ್ಟು ಬೇರೇನನ್ನಾದರೂ ನಾನು ಕಣ್ಣಲ್ಲಿ ನೋಡಿದರೂ ಆ ಉಳಿದ ಒಂದೇ ಕಣ್ಣಿನಲ್ಲಿ ಹಿಡಿದುಬಿಡುತ್ತಿದ್ದಳು.

ಆಗ ಟಿವಿಗೆ ಇದ್ದದ್ದು ಒಂದೇ ಚಾನೆಲ್ಲು. ಮಧ್ಯಾಹ್ನ ಅದೂ ಮುಗಿದು ಪರದೆಯ ತುಂಬ ಬಿಳಿಕಪ್ಪು ಚುಕ್ಕೆಗಳು ಮೊರೆಯುತ್ತಿದ್ದವು. ಎದ್ದು ಆರಿಸಲು ನನಗೆ ಸೋಮಾರಿತನ. ಡಾಕ್ಟರು ಅದಕ್ಕೆ ನಿಶ್ಶಕ್ತಿ ಎಂಬ ಗೌರವದ ಹೆಸರು ಕೊಟ್ಟಿದ್ದರು. ಒಂದು ದಿನ ಮೂರು ಗಂಟೆಯ ಹೊತ್ತಿಗೆ ಆ ಚುಕ್ಕೆಗಳ ಮೊರೆತ ಸ್ವಲ್ಪ ತಗ್ಗಿತು. ಒಳಗಿನಿಂದ ಓರೆಯಾದ ನಾಲ್ಕೈದು ಗೆರೆಗಳು ಮೂಡಿದವು. ಗೆರೆಯಿಂದ ಗೆರೆಗೆ ಏಣಿಗಳು. ಕೆಳಗಿನ ಮೂಲೆಯಲ್ಲಿ ಒಬ್ಬ ಪುಟ್ಟ ಮನುಷ್ಯ ನಿಂತಿದ್ದ. ಮೇಲಿನ ತುದಿಯಲ್ಲಿ ಕಪ್ಪಗೆ ದೊಡ್ಡದೇನೋ ತೂಗಾಡುತ್ತಿತ್ತು. ಅವನು ಏಣಿ ಹತ್ತಿದ. ಮೇಲಿನಿಂದ ಆ ಕಪ್ಪು ಆಕೃತಿ ಏನನ್ನೋ ಕೆಡವಿತು. ಅದು ಬಡಿದು ಅವನು ಬಿದ್ದ. ಮರುಕ್ಷಣ ಮತ್ತೆ ಕೆಳಗಿನ ಮೂಲೆಯಲ್ಲಿ ನಿಂತಿದ್ದ. ಸದ್ದೇ ಇಲ್ಲ. ಮುಕ್ಕಾಲು ಗಂಟೆ ಅವನು ಹತ್ತಿದ, ಬಿದ್ದ, ಮತ್ತೆ ಹತ್ತಿದ. ಆಮೇಲೆ ಏಣಿಗಳೂ ಅವನೂ ಚುಕ್ಕೆಗಳೊಳಗೆ ಕರಗಿಹೋದರು. ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಿದ್ದೆ. ಮಾರ್ಚ್ ತಿಂಗಳ ಸೆಕೆ.

ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ. ಭಾನುವಾರ ಮಾತ್ರ ಇಲ್ಲ. ದೆವ್ವಕ್ಕೂ ಸರ್ಕಾರಿ ರಜೆ ಇದೆಯೆಂದು ಒಂದು ಕ್ಷಣ ನಿರಾಳವಾಯಿತು. ಆದರೆ ಜಯಂತಿ ಮನೆಯಲ್ಲಿರುವ ದಿನವೇ ಅವನು ತಪ್ಪಿಸಿಕೊಂಡ ಎಂಬುದು ಹೊಳೆದು ಇನ್ನಷ್ಟು ಹೆದರಿದೆ. ಅವಳಿಗೆ ಹೇಳಿದರೆ, ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಇನ್ನೂ ಹಳದಿ ಇದೆ ಎಂದಳು. ಅಲ್ಲಿಗೆ ನನ್ನ ಸಾಕ್ಷ್ಯ ಬಿದ್ದುಹೋಯಿತು.

ಐದನೆಯ ದಿನ ಕೆಂಪತ್ತೆ ಅಡಿಕೆ ಕುಟ್ಟುತ್ತ ನನ್ನ ಪಕ್ಕದಲ್ಲಿ ಬಂದು ಕೂತಳು. ಮೂರು ಹೊಡೆಯಿತು, ಏಣಿ ಮೂಡಿತು. ಕುಟ್ಟಣಿಯ ಸದ್ದು ನಿಂತಿತು. ಪೊರೆಯಿಲ್ಲದ ಕಣ್ಣನ್ನು ಮುಂದೆ ಮಾಡಿ ಅವಳು ಬಹಳ ಹೊತ್ತು ನೋಡಿದಳು. ಕಡೆಗೆ ಯಾರಿಗೂ ಕೇಳಿಸಬಾರದು ಎಂಬಂತೆ ಹೇಳಿದಳು: "ನಿಮ್ಮಾವ ಕಣ್ಲಾ ರಂಗ. ಅಗೋ ಮ್ಯಾಲ್ ಕುಂತೈತಲ್ಲ, ಅದೇ ಮುಸ್ವ. ಎಂಚು ಎಸೀತಾ ಐತೆ."

ನಾನು ಹೊದಿಕೆಯನ್ನು ಹಣೆಯವರೆಗೆ ಎಳೆದುಕೊಂಡೆ. ಮಾವ, ಅಂದರೆ ಅತ್ತೆಯ ಗಂಡ, ಸತ್ತು ಮೂವತ್ತು ವರ್ಷವಾಗಿತ್ತು. ಊರಿನ ಮನೆಗಳ ಸೂರಿಗೆ ಹೆಂಚು ಹೊದಿಸುವುದು ಅವನ ಕಸುಬು. ಕರಿಮೂತಿಯ ಮುಸುವ ಕೋತಿಗಳು ಹಿಂಡಾಗಿ ಬಂದು ಹೆಂಚು ಕಿತ್ತುಹಾಕಿದಾಗಲೆಲ್ಲ ಅವನಿಗೆ ಕರೆ ಬರುತ್ತಿತ್ತು. ಒಂದು ದಿನ ಹಾಗೆ ಏಣಿ ಹತ್ತಿದ್ದಾಗ ಸೂರಿನ ಮೇಲಿದ್ದ ಗಡವ ಮುಸುವ ಮೈಮೇಲೆ ಹಾರಿತು. ಅವನು ಅರ್ಧ ಏಣಿಯಿಂದ ಬಿದ್ದವನು ಏಳಲಿಲ್ಲ. ನಾನು ಚಿಕ್ಕವನಿದ್ದಾಗ ಕೇಳಿದ್ದ ಈ ಕಥೆ ಈಗ ನನ್ನ ಟಿವಿಯೊಳಗೆ ದಿನಕ್ಕೆ ಮೂವತ್ತು ಸಲ ನಡೆಯುತ್ತಿತ್ತು.

ಅಂದಿನಿಂದ ಅತ್ತೆ ಮೂರು ಗಂಟೆ ಕಳೆಯುವವರೆಗೆ ಮಧ್ಯಾಹ್ನದ ಊಟ ಮಾಡುವುದನ್ನು ಬಿಟ್ಟಳು. ಕೆಲಸ ಮುಗಿಸದೆ ಸತ್ತ ಜೀವ, ತುದಿ ಮುಟ್ಟುವವರೆಗೆ ಅದಕ್ಕೆ ಬಿಡುಗಡೆಯಿಲ್ಲ ಎಂಬುದು ಅವಳ ತೀರ್ಮಾನ. ಆದರೆ ಅವನು ಎರಡನೆಯ ಏಣಿ ದಾಟುತ್ತಿರಲಿಲ್ಲ. ಅವನು ಬಿದ್ದಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ಎರಡು ವಾರದಲ್ಲಿ ಅವಳ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು. ನೋಡಿಕೊಳ್ಳಲು ಬಂದವಳು ಒಣಗುತ್ತಿದ್ದಳು. ನಾನು ಮಜ್ಜಿಗೆ ಅನ್ನದಲ್ಲಿ ಊದಿಕೊಳ್ಳುತ್ತಿದ್ದೆ.

ಗುಟ್ಟು ತಿಳಿದದ್ದು ಗೋಡೆಯಿಂದ. ಪ್ರತಿದಿನ ಅವನು ಕಾಣಿಸಿಕೊಳ್ಳುವ ಮೊದಲು ಪಕ್ಕದ ಮನೆಯಲ್ಲಿ ಕೊಯ್ ಎಂದು ಏನೋ ಕಿರುಚುತ್ತಿತ್ತು. ಹೊಟ್ಟೆನೋವಿನ ಬೆಕ್ಕಿರಬೇಕೆಂದು ನಾನು ಸುಮ್ಮನಿದ್ದೆ. ಒಂದು ದಿನ ಅತ್ತೆಯನ್ನು ಟಿವಿಯ ಮುಂದೆ ಬಿಟ್ಟು, ಗೋಡೆ ಹಿಡಿದುಕೊಂಡು ಆಚೆ ಹೋಗಿ ಅವರ ಕಿಟಕಿಯಲ್ಲಿ ಇಣುಕಿದೆ. ಅಲ್ಲಿ ಹೊಸದಾಗಿ ಬಂದಿದ್ದ ಜೂನಿಯರ್ ಇಂಜಿನಿಯರರ ಹೆಂಡತಿ ಸುಧಾ, ಅರಕಲಗೂಡಿನ ಹುಡುಗಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ಟೈಪ್‌ರೈಟರಿನ ಕೀಲಿಗಳಂಥ ಒಂದು ಪೆಟ್ಟಿಗೆ, ಪಕ್ಕದಲ್ಲಿ ಟೇಪ್ ರೆಕಾರ್ಡರು. ಅವರ ಟಿವಿಯಲ್ಲಿ ಬಣ್ಣಬಣ್ಣವಾಗಿ ನಮ್ಮ ಮಾವ ಏಣಿ ಹತ್ತುತ್ತಿದ್ದ.

ಬಾಗಿಲು ತೆರೆದಾಗ ಅವಳು ನನಗಿಂತ ಹೆಚ್ಚು ಬೆವರಿದ್ದಳು. ಅವಳು ತಡವರಿಸುತ್ತ ಹೇಳಿದ್ದು ಇಷ್ಟು. ಅದು ಕಂಪ್ಯೂಟರು, ಅಣ್ಣ ಯಾರಿಂದಲೋ ಹಳೆಯದನ್ನು ತಂದುಕೊಟ್ಟದ್ದು. ಕ್ಯಾಸೆಟ್ ಹಾಕಿದರೆ ಮೊದಲು ಕಿರುಚಿಕೊಂಡು ಆಮೇಲೆ ಆಟವಾಗುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ದೊಡ್ಡ ಯಂತ್ರದ ಆಟವೊಂದಿದೆ, ಇದು ಮನೆಯ ಕಂಪ್ಯೂಟರಿಗೆಂದು ಯಾರೋ ಮಾಡಿದ ಅದರ ನಕಲು. ಅಸಲಿನಲ್ಲಿ ಕೋತಿ ಉರುಳಿಸುವುದು ಪೀಪಾಯಿಗಳನ್ನು. ನಕಲು ಮಾಡಿದವನಿಗೆ ದುಂಡಗೆ ಬರೆಯಲು ಬಾರದೆ ಅವು ಹೆಂಚಿನ ಹಾಗಾಗಿವೆ. ಮೇಲೆ ಒಬ್ಬ ಹುಡುಗಿಯನ್ನು ಕೋತಿ ಹಿಡಿದಿಟ್ಟಿದೆ, ಬಿಡಿಸಬೇಕು. ಇಂಜಿನಿಯರರ ಹೆಂಡತಿ ಮಕ್ಕಳಾಟ ಆಡುತ್ತಾಳೆಂದು ಜನ ನಗಬಾರದಲ್ಲ, ಅದಕ್ಕೇ ಯಜಮಾನರು ಡ್ಯಾಮಿನ ಮೇಲಿರುವ ಹೊತ್ತು ನೋಡಿ ಆಡುತ್ತಿದ್ದಳು. ಇನ್ನು ಅದು ನಮ್ಮ ಮನೆಗೆ ಬಂದದ್ದು ಹೇಗೆಂದರೆ, ಎರಡೂ ಮನೆಗೆ ಸೂರಿನ ಮೇಲೆ ಒಂದೇ ಆಂಟೆನಾ. ಅವಳು ಪೆಟ್ಟಿಗೆಯ ವೈರನ್ನು ಆಂಟೆನಾದ ವೈರಿಗೇ ಹೊಸೆದಿದ್ದಳು. ಅವರ ಮನೆಯಲ್ಲಿ ಹತ್ತಿದವನು ಆ ದಾರಿಯಲ್ಲಿ ನಮ್ಮ ಮನೆಗೆ ಇಳಿಯುತ್ತಿದ್ದ.

ಹಿಂತಿರುಗುವಾಗ ನನಗೆ ಎಷ್ಟು ಧೈರ್ಯ ಬಂದಿತ್ತೆಂದರೆ ಗೋಡೆ ಹಿಡಿಯದೆ ನಡೆದೆ. ಆದರೆ ಅತ್ತೆಯ ಮುಖ ನೋಡಿದ ಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಮೂವತ್ತು ವರ್ಷದ ಮೇಲೆ ಸಿಕ್ಕಿದ ಗಂಡನನ್ನು ಪಕ್ಕದ ಮನೆಯ ಆಟದ ಸಾಮಾನು ಎನ್ನುವುದು ಹೇಗೆ? ಮಾರನೆಯ ಬೆಳಗ್ಗೆ ಮತ್ತೆ ಹೋಗಿ, ಅತ್ತೆಯ ಪಾಡು ತಿಳಿಸಿ, ಹೇಗಾದರೂ ಮಾಡಿ ಅವನನ್ನು ಒಂದು ಸಲ ತುದಿಗೆ ಮುಟ್ಟಿಸಿ ಎಂದು ಸುಧಾಳನ್ನು ಬೇಡಿಕೊಂಡೆ. ತಾನೇ ಒಮ್ಮೆಯೂ ತುದಿ ಮುಟ್ಟಿಲ್ಲ ಎಂದಳು. ಆದರೂ ಅಜ್ಜಿಗೋಸ್ಕರ ಪ್ರಯತ್ನಪಡುವುದಾಗಿ ಒಪ್ಪಿಕೊಂಡಳು. ಆಮೇಲೆ ಬೆಳಗಿನ ಹೊತ್ತೂ ಕೊಯ್ ಕೇಳತೊಡಗಿತು. ಆ ವಾರ ಇಂಜಿನಿಯರರು ದಿನಾ ಹುಳಿ ಸೀದಿದೆ ಎಂದು ಗೊಣಗುತ್ತಿದ್ದುದೂ ಗೋಡೆಯ ಮೂಲಕ ನನಗೆ ಕೇಳಿಸುತ್ತಿತ್ತು.

ಶನಿವಾರ. ಜಯಂತಿಗೆ ಶಾಲೆಯಲ್ಲಿ ಏನೋ ಸಭೆ. ಮೂರಕ್ಕೆ ಅವನು ಬಂದ. ಅಂದು ಚಿತ್ರ ಎಂದಿಗಿಂತ ಸ್ಪಷ್ಟವಾಗಿತ್ತು. ಮೊದಲನೆಯ ಏಣಿ, ಎರಡನೆಯದು, ಮೂರನೆಯದು. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದಳು. ಕೊನೆಯ ಏಣಿಯ ಬುಡದಲ್ಲಿ ಚಿತ್ರ ಒಮ್ಮೆ ನಡುಗಿ ನೆಟ್ಟಗಾಯಿತು. ಅವನು ನಿಧಾನವಾಗಿ, ಬೇರೆ ಯಾವ ದಿನವೂ ಹತ್ತದಷ್ಟು ನಿಧಾನವಾಗಿ, ಆ ಏಣಿಯನ್ನೂ ಹತ್ತಿದ. ತುದಿ ಮುಟ್ಟಿದ. ಕೋತಿ ಕಾಣಲಿಲ್ಲ. ಅವನ ಪಕ್ಕದಲ್ಲಿ ಸೀರೆಯಂಥದೇನೋ ಉಟ್ಟ ಒಂದು ಆಕೃತಿ ನಿಂತಿತ್ತು. ಅವನು ನಮ್ಮ ಕಡೆ ತಿರುಗಿದ. ಆಮೇಲೆ ಬರೀ ಚುಕ್ಕೆ.

ನಾನು ಅತ್ತೆಯ ಕಣ್ಣೀರಿಗೆ ಸಿದ್ಧನಾಗಿದ್ದೆ. ಅವಳು ನನ್ನ ಮಣಿಕಟ್ಟು ಬಿಟ್ಟು ಕೇಳಿದಳು: "ಪಕ್ಕದಾಗೆ ನಿಂತಿದ್ಲಲ್ಲ, ಗಿರಣಿ ಮನೆ ತಾಯವ್ವ ಅಲ್ವೇನ್ಲಾ?"

ಬಿಡಿಸಬೇಕಾದ ಹುಡುಗಿಯ ವಿಷಯ ನನಗೆ ಮರೆತೇಹೋಗಿತ್ತು. ಅತ್ತೆ ನನ್ನ ಉತ್ತರಕ್ಕೇನೂ ಕಾಯುತ್ತಿರಲಿಲ್ಲ.

"ವರ್ಸುಕ್ಕೆ ನಾಕ್ ಕಿತ ಅವಳ ಮನೆ ಎಂಚೇ ಒಡೀತಿತ್ತು ಕಣ್ಲಾ. ಊರಾಗಿನ ಮುಸ್ವಕ್ಕೆಲ್ಲ ಬ್ಯಾರೆ ಮನೇನೇ ಕಾಣ್ತಿರ್ನಿಲ್ಲ. ನಾನೂ ಒಂದಿನ ಬಾಯ್ಬುಟ್ಟು ಕೇಳ್ನಿಲ್ಲ, ಅವ್ರೂ ಯೋಳ್ನಿಲ್ಲ." ಕುಟ್ಟಣಿಯನ್ನು ಸೆರಗಿನಿಂದ ಒರೆಸಿದಳು. "ಓಗ್ಲಿ ಬುಡು. ಅಷ್ಟೊಂದ್ ಕಿತ ಬಿದ್ದವ್ರು. ತಲುಪ್ಕಂಡ್ರಲ್ಲ, ಸಾಕು."

ಎದ್ದು ಅಡುಗೆಮನೆಗೆ ಹೋಗಿ ಮುದ್ದೆ ಬಡಿಸಿಕೊಂಡಳು. ತಟ್ಟೆಯ ಸದ್ದು ಕೇಳಿ ನನಗೆ ಪ್ರಾಣ ಬಂದಂತಾಯಿತು. ಉಪ್ಪಿನಕಾಯಿ ಜಾಡಿಯನ್ನೂ ತೆರೆದಳು. ಮಾರನೆಯ ಬೆಳಗಿನ ಬಸ್ಸಿಗೆ ಊರಿಗೆ ಹೋಗುವುದಾಗಿ ಅಲ್ಲಿಂದಲೇ ಹೇಳಿದಳು.

ಅಷ್ಟರಲ್ಲಿ ಸುಧಾ ಹಿತ್ತಲ ಬಾಗಿಲಿಗೆ ಬಂದಳು. ಥ್ಯಾಂಕ್ಸ್ ಹೇಳಲು ನಾನು ಬಾಯಿ ತೆರೆದಿದ್ದೆ. ಅವಳ ಕಣ್ಣು ಒದ್ದೆಯಾಗಿತ್ತು.

"ಬೇಜಾರು ಮಾಡ್ಕೋಬೇಡಿ ಸಾರ್, ಆಗ್ಲಿಲ್ಲ," ಎಂದಳು. "ಕೊನೇ ಏಣಿ ಬುಡದಲ್ಲಿದ್ದೆ. ಅಷ್ಟರಲ್ಲಿ ಕಂಪ್ಯೂಟರಿನ ಅಡಾಪ್ಟರ್ ಸುಟ್ಟು ಹೊಗೆ ಬಂದು ಎಲ್ಲಾ ಆರಿಹೋಯ್ತು. ಹತ್ತೋಕೆ ಆಗ್ಲೇ ಇಲ್ಲ."

ಕೈಯಲ್ಲಿ ಕರ್ರಗಾದ ಅಡಾಪ್ಟರು ಇತ್ತು. ಇನ್ನೂ ಬಿಸಿಯಾಗಿತ್ತು. ನಾನು ಅದನ್ನು ಮುಟ್ಟಿ ನೋಡಿದೆ, ಹಿಂದಕ್ಕೆ ಕೊಟ್ಟೆ. ಪರವಾಗಿಲ್ಲ ಎಂದೆ. ಒಳಗೆ ಅತ್ತೆ ನೆಮ್ಮದಿಯಾಗಿ ಉಣ್ಣುತ್ತಿರುವುದು ಕೇಳುತ್ತಿತ್ತು.

ನನಗೆ ಕಾಮಾಲೆ, ಅತ್ತೆಗೆ ಪೊರೆ, ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಒಳ್ಳೆಯ ಕಣ್ಣು ಎಂದು ನಾನು ಆಮೇಲೆ ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಒಳ್ಳೆಯ ವಿವರಣೆ. ಬೆಳಗಿನ ಹೊತ್ತು ಅದನ್ನು ಪೂರ್ತಿ ನಂಬುತ್ತೇನೆ ಕೂಡ. ಅತ್ತೆ ಬಸ್ಸು ಹತ್ತಿದ ಮಾರನೆಯ ದಿನ, ಸೋಮವಾರ, ಮೆಡಿಕಲ್ ರಜೆ ಇನ್ನೂ ಹನ್ನೊಂದು ದಿನ ಉಳಿದಿರುವಾಗಲೇ ನಾನು ಹಳದಿ ಕಣ್ಣಿನಲ್ಲೇ ಸ್ಟೋರಿಗೆ ಹೋಗಿ ಹಾಜರಿ ಹಾಕಿದೆ. ಮಧ್ಯಾಹ್ನ ಮೂರು ಗಂಟೆಗೆ ಆ ಮನೆಯಲ್ಲಿ ಒಬ್ಬನೇ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಸಾಹೇಬರು ಸಿಬ್ಬಂದಿಯನ್ನೆಲ್ಲ ಕರೆದು, ನನ್ನನ್ನು ಮುಂದೆ ನಿಲ್ಲಿಸಿ, ಕೆಲಸದ ಮೇಲೆ ಪ್ರೀತಿ ಅಂದರೆ ಇದು, ನೋಡಿ ಕಲಿಯಿರಿ ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನೂ ವಿನಯವೆಂದೇ ತಿಳಿದರು. ನನ್ನ ಸರ್ವೀಸಿನ ಉದ್ದಕ್ಕೂ ಕರ್ತವ್ಯನಿಷ್ಠೆಗೆಂದು ನನಗೆ ಸಿಕ್ಕ ಹೊಗಳಿಕೆ ಅದೊಂದೇ.