ಹಾಗಲಕಾಯಿ ಚಿಕಿತ್ಸೆ

ಎಲ್ಲದಕ್ಕೂ ಮೂಲ ಓಣಿಯ ಹುಡುಗ ವೀರೇಶನ ಮೊಬೈಲು. ದಾಂಡೇಲಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳಗಿನ ನೀರು ತುಂಬುವ ಹೊತ್ತಿಗೆ ಅವನು ಸುದ್ದಿ ಓದಿ ಹೇಳಿದ.

"ಹಾಗಲಕಾಯಿ ಬೀಜದಾಗ ಪೆಪ್ಟೈಡ್ ಅಂತ ಐತಂತ. ಪ್ರೋಟೀನಿನ ಸಣ್ಣ ತುಣುಕು. ಕ್ಯಾನ್ಸರ್ ಜೀವಕೋಶಾನ ಕೊಲ್ಲತೈತಂತ!"

"ನಾ ಮೊದಲಽ ಹೇಳಿದ್ದೆ" ಎಂದರು ಪಕ್ಕದ ಮನೆಯ ಮಾಲವ್ವ, ಎಂದೂ ಹೇಳದಿದ್ದರೂ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ.

ಸಂಕಟ ಮಾತ್ರ ಅದೇ ಓಣಿಯ ನಾಗಲಿಂಗಪ್ಪನದು. ಹೆಂಡತಿ ಅನ್ನಪೂರ್ಣಾಳಿಗೆ ಕಿಮೋ ನಡೆದಿತ್ತು. ತೂಕ ಇನ್ನೂ ಇಳಿದರೆ ಮುಂದಿನ ಡೋಸ್ ಕೊಡುವುದಿಲ್ಲ ಎಂದಿದ್ದರು ಡಾಕ್ಟರು. ಅವಳೋ ಎರಡು ಗುಟುಕು ಗಂಜಿ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ.

ನಾಗಲಿಂಗಪ್ಪ ಡಾಕ್ಟರಿಗೆ ಫೋನು ಮಾಡಿ, ಹಾಗಲಕಾಯಿ ಕೊಡಬಹುದೇ ಎಂದು ಕೇಳಿದ.

"ಅದು ಲ್ಯಾಬಿನ ಗಾಜಿನ ತಟ್ಟ್ಯಾಗ ಮಾಡಿದ ಪರೀಕ್ಷಾರೀ. ಔಷಧ ಆಗಾಕ ಇನ್ನೂ ಭಾಳ ದೂರ ಐತಿ. ಪಲ್ಯ ಮಾಡಿ ತಿಂದ್ರ ಬ್ಯಾಳಿ ಹಂಗ ಹೊಟ್ಟ್ಯಾಗ ಕರಗಿ ಹೋಗತೈತಿ. ಅವರಿಗೆ ಸೇರೂದನ್ನ ಕೊಡ್ರಿ."

ಫೋನು ಇಡುವಷ್ಟರಲ್ಲಿ ಮಾಲವ್ವ ಪಲ್ಯದ ಬಟ್ಟಲು ಹಿಡಿದು ಬಾಗಿಲಲ್ಲಿದ್ದರು. ಅವನು ಡಾಕ್ಟರ ಮಾತು ಹೇಳಹೋದ.

"ಡಾಕ್ಟರಿಗೇನ ಗೊತ್ತು? ಅಕಿ ತಿನ್ನೂತನಾ ನಾ ಏಳೂದಿಲ್ಲ" ಎಂದು ಬಟ್ಟಲನ್ನು ಅವನ ಕೈಗಿತ್ತು ಹೊರಗಿನ ಕಟ್ಟೆಯ ಮೇಲೆ ಕೂತೇಬಿಟ್ಟರು.

ವಾಸನೆಗೇ ಅನ್ನಪೂರ್ಣಾ ಮುಖ ತಿರುಗಿಸಿದಳು. ಹುಟ್ಟಿದಾಗಿನಿಂದ ಹಾಗಲಕಾಯಿ ಕಂಡರಾಗದ ನಾಗಲಿಂಗಪ್ಪ ಬಾಗಿಲು ಮುಂದೆ ಮಾಡಿ, ಅವಳ ಮಂಚದ ಪಕ್ಕ ನಿಂತು ಪಲ್ಯವನ್ನೆಲ್ಲ ತಾನೇ ನುಂಗಿದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖ ಹಿಂಡಿದ ಒದ್ದೆ ಬಟ್ಟೆ.

ಅನ್ನಪೂರ್ಣಾ ಕಿಸಕ್ಕನೆ ನಕ್ಕಳು. ಕೂದಲು ಉದುರಿದ ಮೇಲೆ ಅದೇ ಮೊದಲ ನಗು.

"ಅರ್ಧ ರೊಟ್ಟಿ, ಮೊಸರು ಕೊಡ್ರಿ" ಎಂದಳು.

ಖಾಲಿ ಬಟ್ಟಲು ಕಂಡ ಮಾಲವ್ವ, ಅನ್ನಪೂರ್ಣಾ ಪಲ್ಯ ತಿಂದಳೆಂದು ಓಣಿಗೆಲ್ಲ ಡಂಗುರ ಸಾರಿದರು. ಮಧ್ಯಾಹ್ನ ಎದುರುಮನೆಯ ರಾಜಶ್ರೀ ಹಾಗಲಕಾಯಿ ರಸ ತಂದಳು, ಆಚೆಮನೆಯ ಶೈಲಾ ಚಟ್ನಿ ತಂದಳು, ವೀರೇಶ ಬೀಜವನ್ನೇ ಹುರಿದು ತಂದ. ಎಲ್ಲವೂ ನಾಗಲಿಂಗಪ್ಪನ ಹೊಟ್ಟೆ ಸೇರಿತು. ಆದರೂ ಹೆಂಡತಿ ಪ್ರತಿಸಲ ಒಂದು ತುತ್ತು ಹೆಚ್ಚಿಗೆ ತಿನ್ನುವುದು ಕಂಡು, ಹಸಿವೆ ತಾನಾಗಿಯೇ ಮರಳಿತೆಂದು ಹಿಗ್ಗಿದ.

ಸಂಜೆಗೆ ಅವನ ನಾಲಿಗೆ ಸತ್ತೇಹೋಗಿತ್ತು. ಇನ್ನು ತಡೆಯಲಾರೆ, ಓಣಿಯವರಿಗೆ ನಿಜ ಹೇಳಿಬಿಡುತ್ತೇನೆ ಎಂದು ಹೊರಟ. ನೋಡಿದರೆ ಅನ್ನಪೂರ್ಣಾಳೇ ಎದ್ದು ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು ಮಾಲವ್ವನೊಡನೆ ಪಿಸುಗುಡುತ್ತಿದ್ದಳು.

"ನಾ ಒಂದು ತುಣುಕೂ ಮುಟ್ಟಿಲ್ರಿ ಮಾಲವ್ವಾರ. ಎಲ್ಲಾ ಇವರಽ ತಿಂದಾರ. ಆದ್ರ ಇವರ ಮಾರಿ ನೋಡಕೋತ ಕುಂತ್ರ ನಂಗ ಊಟ ಸೇರತೈತ್ರಿ. ನಾಳೆ ಇನ್ನೊಂಚೂರು ಕಹಿ ಮಾಡ್ರಿ."

"ಅಯ್ಯ ನನ್ನ ಮಗಳ" ಎಂದು ಮಾಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉಪ್ಪಿನ್ಯಾಗ ಹಿಂಡೂದಽ ಇಲ್ಲ ಬಿಡು, ಹಂಗಽ ಮಾಡ್ತೇನಿ."

ನಾಗಲಿಂಗಪ್ಪ ಸದ್ದಿಲ್ಲದೆ ಹಿಂದೆ ಸರಿದ. ಅಡುಗೆಮನೆಗೆ ಹೋಗಿ, ನಾಳೆಯ ರೊಟ್ಟಿಗೆ ಜೋಳದ ಹಿಟ್ಟು ಸಾಲುತ್ತದೋ ಇಲ್ಲವೋ ಎಂದು ಡಬ್ಬಿ ತೆರೆದು ನೋಡಿದ.