ಕೆಮ್ಮಣ್ಣಿನಲ್ಲಿ ಒಬ್ಬ ಬಾಕ್ಸರ್

ಬಾಯಿ ಮುಚ್ಚಿಕೊಂಡಿರಲು ಆಗದ ವಿಷಯ ಎಲ್ಲರಿಗೂ ಒಂದಾದರೂ ಇರುತ್ತದೆ. ಕೆಲವರಿಗೆ ರಾಜಕೀಯ, ಕೆಲವರಿಗೆ ತಮ್ಮ ಸಕ್ಕರೆ ಕಾಯಿಲೆ, ನಮ್ಮ ಪಕ್ಕದ ಮನೆಯವರಿಗೆ ಅವರ ಅಳಿಯ. ನನಗೆ ಬಾಕ್ಸಿಂಗ್. ಕಾಲೇಜಿನಲ್ಲಿದ್ದಾಗ ಜಿಲ್ಲಾ ಮಟ್ಟದಲ್ಲಿ ಬೆಳ್ಳಿ ಪದಕ ಪಡೆದವನು ನಾನು. ನನ್ನ ತೂಕದ ವಿಭಾಗಕ್ಕೆ ಬಂದಿದ್ದವರು ಇಬ್ಬರೇ ಎಂಬುದನ್ನು ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ. ನನ್ನ ಹೆಂಡತಿ ಸರೋಜ ಮಾತ್ರ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಾಳೆ.

ವೃತ್ತಿಯಲ್ಲಿ ನಾನು ನ್ಯಾಮತಿಯ ಕಡೆ ಒಂದು ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು. ದಿನಾ ಹೊನ್ನಾಳಿಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಿ.ಟಿ. ಪೀರಿಯಡ್ ಎಂದರೆ ಹೇಳುವವರು ಕೇಳುವವರು ಇಲ್ಲದ ಆಸ್ತಿ. ಗಣಿತದವರು ಪಾಠ ಮುಗಿದಿಲ್ಲ ಎಂದು ಎಳೆದುಕೊಳ್ಳುತ್ತಾರೆ, ವಿಜ್ಞಾನದವರು ಪರೀಕ್ಷೆ ಹತ್ತಿರ ಬಂತು ಎನ್ನುತ್ತಾರೆ. ನಾನು ಕೊರಳಿಗೆ ಸೀಟಿ ಹಾಕಿಕೊಂಡು ಸ್ಟಾಫ್ ರೂಮಿನಲ್ಲಿ ಕೂರುತ್ತೇನೆ. ಹಾಗಾಗಿ ಸಾಯಂಕಾಲ ಹೊನ್ನಾಳಿಯ ಹಳೇ ಗರಡಿ ಮನೆಯಲ್ಲಿ ನಾನು ನಡೆಸುತ್ತಿದ್ದ ಬಾಕ್ಸಿಂಗ್ ತರಗತಿಯೇ ನನ್ನ ಪಾಲಿಗೆ ಎಲ್ಲವೂ ಆಗಿತ್ತು. ಬರುತ್ತಿದ್ದ ಮಕ್ಕಳು ಬೆರಳೆಣಿಕೆಯಷ್ಟೇ ಆದರೂ ಅಲ್ಲಿ ನಾನು ಪಿ.ಟಿ. ಮೇಷ್ಟ್ರಲ್ಲ, ಕೋಚ್. ಆ ಒಂದು ಗಂಟೆಯೂ ಕೈಬಿಟ್ಟುಹೋದರೆ ನನ್ನನ್ನು ಕೇಳುವವರೇ ಇರುವುದಿಲ್ಲ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ಆ ಗಂಟೆಗೆ ಸಂಚಕಾರ ತಂದವನು ಇಮ್ರಾನ್. ನಮ್ಮೂರ ವೆಲ್ಡಿಂಗ್ ಅಂಗಡಿಯವರ ಮಗ. ಚಿಕ್ಕಂದಿನಲ್ಲಿ ಇದೇ ಗರಡಿಯಲ್ಲಿ ಕುಸ್ತಿ ಕಲಿತು, ಆಮೇಲೆ ಹುಬ್ಬಳ್ಳಿಗೆ ಹೋಗಿ ಎಂಎಂಎ ಕಲಿತು ಬಂದಿದ್ದ. ಎಂಎಂಎ ಎಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಅದರಲ್ಲಿ ಗುದ್ದಬಹುದು, ಒದೆಯಬಹುದು, ಹಿಡಿದು ಕೆಡವಬಹುದು, ಕೆಡವಿದ ಮೇಲೆ ಎದೆಯ ಮೇಲೆ ಕೂತು ಮುಂದುವರಿಸಲೂಬಹುದು. ನಮ್ಮ ಬಾಕ್ಸಿಂಗಿನಲ್ಲಿ ಎದುರಾಳಿ ಬಿದ್ದರೆ ಮೂಲೆಗೆ ಹೋಗಿ ಮರ್ಯಾದೆಯಿಂದ ನಿಲ್ಲಬೇಕು. ಅವರಲ್ಲಿ ಬಿದ್ದ ಮೇಲೆಯೇ ಕೆಲಸ ಶುರು. ಅಂಥದ್ದನ್ನು ಕಲಿಸಲು ಅವನಿಗೂ ಸಾಯಂಕಾಲದ ಅದೇ ಹೊತ್ತು ಬೇಕಾಗಿತ್ತು.

ಎಂಎಂಎಯವನನ್ನು ಬಾಕ್ಸರ್ ಸೋಲಿಸಬಲ್ಲನೇ ಎಂಬ ಚರ್ಚೆ ನನಗೆ ಹೊಸದಲ್ಲ. ಮೊಬೈಲಿನಲ್ಲಿ ಅಂಥ ಕಾಳಗಗಳನ್ನು ನೋಡಿ ನೋಡಿ ನಾನೊಂದು ಸಿದ್ಧಾಂತ ಕಟ್ಟಿದ್ದೆ. ಎಲ್ಲ ಇರುವುದು ಅಂತರದಲ್ಲಿ. ಬಾಕ್ಸರ್ ಒಂದು ತೋಳಿನ ದೂರ ಕಾಯ್ದುಕೊಂಡರೆ ಅವನನ್ನು ಹಿಡಿಯಲು ಬಂದವನ ಮೂಗು ಉಳಿಯುವುದಿಲ್ಲ. ಚನ್ನಗಿರಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಇದನ್ನು ಪಕ್ಕದಲ್ಲಿದ್ದ ನೆಂಟರಿಗೆ ಬಾಳೆಲೆಯ ಮೇಲೆಯೇ ವಿವರಿಸಿದ್ದೆ. ಹಪ್ಪಳ ಬಾಕ್ಸರ್, ಚಿತ್ರಾನ್ನ ಎಂಎಂಎ, ನಡುವೆ ಇಷ್ಟು ಜಾಗ. ಅವರು ತಲೆದೂಗುವಷ್ಟರಲ್ಲಿ ಬಡಿಸುವವನು ಬಂದು ಬಾಕ್ಸರನ ಮೇಲೆ ಸಾರು ಹೊಯ್ದು ಮುಂದಕ್ಕೆ ಹೋದ. ಅದನ್ನು ಶಕುನ ಎಂದು ನಾನು ತಿಳಿಯಬೇಕಿತ್ತು. ತಿಳಿಯಲಿಲ್ಲ, ಇನ್ನೊಂದು ಹಪ್ಪಳ ಕೇಳಿದೆ.

ಗರಡಿಯ ಯಜಮಾನಿಕೆ ವಸ್ತಾದ್ ಹಾಲಪ್ಪನವರದು. ಅರ್ಧ ಊರಿಗೆ ಕುಸ್ತಿ ಕಲಿಸಿದ ಹಿರಿಯರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಮ್ಮ ವಾದವನ್ನೆಲ್ಲ ಕೇಳಿಸಿಕೊಂಡರು. ನಾನು ಅಂತರದ ಬಗ್ಗೆ ಬಹಳ ಹೊತ್ತು ಹೇಳಿದೆ. ಇಮ್ರಾನ್ "ನೀವು ಹೆಂಗೆ ಹೇಳ್ತೀರೋ ಹಂಗೆ ವಸ್ತಾದ್" ಎಂದಷ್ಟೇ ಹೇಳಿ ಕೂತ. ಇವನಿಗೆ ವಾದ ಮಾಡಲು ಬರುವುದಿಲ್ಲ ಎಂದು ನನಗೆ ಖುಷಿಯಾಯಿತು.

"ಹೊತ್ತು ಒಂದೈತೆ, ಕೇಳೋರು ಇಬ್ರು ಅದೀರಿ" ಎಂದರು ವಸ್ತಾದರು. "ಗರಡ್ಯಾಗ ಮಾತಿನಿಂದ ಯಾವುದೂ ತೀರ್ಮಾನ ಆಗಿಲ್ಲ. ಭಾನುವಾರ ನಿಮ್ಮಿಬ್ಬರದು ಜೋಡಿ ಬಿಡ್ತೀನಿ. ಬೆನ್ನು ಮಣ್ಣಿಗೆ ಹತ್ತಿದೋರು ಸೋತಂಗೆ. ಗೆದ್ದೋರಿಗೆ ಸಾಯಂಕಾಲ, ಸೋತೋರು ಬೆಳಗಿನ ಜಾವ ಬಂದು ನಡೆಸ್ಲಿ. ಮೇಷ್ಟ್ರೇ, ನೀವು ಬೇಕಾದಂಗೆ ಗುದ್ದಬಹುದು."

ಕೊನೆಯ ಮಾತು ಕೇಳಿ ನಾನು ಕುಣಿದಾಡುವುದೊಂದು ಬಾಕಿ. ಮನೆಗೆ ಬಂದು ಅಡುಗೆಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ಹಿಂದೆ ಮುಂದೆ ಹಾರುತ್ತ ಅಭ್ಯಾಸ ಶುರುಮಾಡಿದೆ. ಸರೋಜ ಪಾತ್ರೆ ಹಿಡಿದುಕೊಂಡು ದಾರಿಗಾಗಿ ಕಾದಳು.

"ರೀ, ಆ ಹುಡುಗ ಕಬ್ಬಿಣದ ಗೇಟನ್ನ ಒಬ್ಬನೇ ಎತ್ತಿ ಗಾಡಿಗೆ ಹಾಕ್ತಾನೆ. ನೀವು ಗ್ಯಾಸ್ ಸಿಲಿಂಡರ್ ಉಳ್ಳಿಸಾಕೂ ಪಕ್ಕದ ಮನೆಯೋರನ್ನ ಕರೀತೀರಿ."

"ಇದು ಶಕ್ತಿಯ ಪ್ರಶ್ನೆಯಲ್ಲ, ಅಂತರದ ಪ್ರಶ್ನೆ" ಎಂದೆ.

"ಹಂಗಾದ್ರೆ ಸ್ವಲ್ಪ ದೂರ ನಿಲ್ರಿ, ಸಾರು ಬಿಸಿ ಐತೆ" ಎಂದು ದಾಟಿಹೋದಳು.

ಭಾನುವಾರ ನನ್ನ ಶಿಷ್ಯರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಅಖಾಡದ ಕೆಮ್ಮಣ್ಣನ್ನು ಹದವಾಗಿ ಕೆದಕಿ, ನೀರು ಚಿಮುಕಿಸಿದ್ದರು. ಗ್ಲೌಸ್ ಹಾಕಿಕೊಂಡು ಇಳಿದೆ. ತಲೆ ತಿಳಿಯಾಗಿತ್ತು. ಇಮ್ರಾನ್‌ನ ಗಿಡ್ಡ ತೋಳು, ನನ್ನ ಉದ್ದ ತೋಳು ಎರಡನ್ನೂ ಕಣ್ಣಲ್ಲೇ ಅಳೆದು, ಎಲ್ಲಿ ನಿಲ್ಲಬೇಕು ಎಂದು ಜಾಗ ಗುರುತಿಸಿಕೊಂಡೆ. ಅಷ್ಟರಲ್ಲಿ ವಸ್ತಾದರು ನಡುವೆ ಬಂದು, "ಮೇಷ್ಟ್ರೇ, ಬಲಗೈದು ಆ ಚೀಲ ತೆಗೀರಿ, ಕೈ ಕೂಡಿಸಬೇಕು" ಎಂದರು.

ನಮ್ಮ ಕಡೆ ಕುಸ್ತಿಯಲ್ಲಿ ಜೋಡಿ ಬಿಡುವಾಗ ಹಿರಿಯರೊಬ್ಬರು ಇಬ್ಬರ ಬಲಗೈಗಳನ್ನೂ ಹಿಡಿದು ಒಂದಕ್ಕೊಂದು ಕೂಡಿಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ನನಗದು ಮಂಗಳಾರತಿಗೆ ಕೈಯೊಡ್ಡಿದಷ್ಟೇ ಸಹಜ. ಎಷ್ಟು ಸಹಜ ಎಂದರೆ, ಕೈ ಕೂಡಿದ ಆ ಕ್ಷಣದಿಂದಲೇ ಕುಸ್ತಿ ಶುರು ಎಂಬುದು, ಆಮೇಲೆ ದೂರ ಸರಿದು ನಿಲ್ಲಲು ಯಾರೂ ಬಿಡುವು ಕೊಡುವುದಿಲ್ಲ ಎಂಬುದು, ಅಷ್ಟು ದಿನ ಅಂತರದ ಲೆಕ್ಕ ಹಾಕಿದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಸಂತೋಷದಿಂದ ಗ್ಲೌಸ್ ಕಳಚಿ, ನಗುನಗುತ್ತ ಕೈ ಚಾಚಿದೆ. ವಸ್ತಾದರು ಕೂಡಿಸಿದರು, "ಹ್ಞೂಂ" ಎಂದರು. ಇಮ್ರಾನ್ ಆ ಕೈಯನ್ನು ಬಿಡಲೇ ಇಲ್ಲ.

ಆಮೇಲೆ ನಡೆದದ್ದನ್ನು ವಿವರಿಸುವಷ್ಟು ಹೊತ್ತು ಅದು ನಡೆಯಲಿಲ್ಲ. ಬೀಳುವ ದಾರಿಯಲ್ಲಿ ಎಡಗೈಯಿಂದ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟೆ. ಅವನು ಅದನ್ನು ಬೆನ್ನು ತಟ್ಟಿದ್ದು ಎಂದುಕೊಂಡನಂತೆ.

"ನಾನಿನ್ನೂ ಶುರು ಮಾಡಿರಲಿಲ್ಲ!" ಎಂದು ಮಣ್ಣಿನಲ್ಲಿ ಬಿದ್ದುಕೊಂಡೇ ಕೂಗಿದೆ.

"ಕೈ ಕೂಡಿದ್ರೆ ಶುರು ಅಂತ ಹೊನ್ನಾಳ್ಯಾಗ ಹುಟ್ಟಿದೋರಿಗೂ ಹೇಳಬೇಕಾ ಮೇಷ್ಟ್ರೇ?" ಎಂದರು ವಸ್ತಾದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅದೇ ನನಗೆ ಹೆಚ್ಚು ನೋವಾದದ್ದು.

ಸಾಯಂಕಾಲದ ಗಂಟೆ ಹೋಯಿತು. ಬೆಳಗಿನ ಜಾವದ ತರಗತಿಗೆ ಮಕ್ಕಳು ಏಳಲಿಲ್ಲ. ಕೋಚ್ ಕೂಡ ಎದ್ದನೆಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ಸಿಳಿದು ನೇರ ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂರತೊಡಗಿದೆ. ಯಾರಾದರೂ ಬಾಕ್ಸಿಂಗ್ ಬಗ್ಗೆ ಕೇಳಿದರೂ ಮಾತಾಡಲು ಮನಸ್ಸಿರಲಿಲ್ಲ. ಕೊನೆಗೆ ಸರೋಜಳೇ, "ನೀವು ಮಾತಾಡಿದ್ರೆ ತಲೆನೋವು, ಸುಮ್ನಿದ್ರೆ ಹೆದರಿಕೆ. ಹೋಗಿ ಗರಡ್ಯಾಗ ಬಿಟ್ಟು ಬಂದಿರೋ ಆ ಗ್ಲೌಸಾದ್ರೂ ತಗೊಂಡು ಬರ್ರಿ" ಎಂದು ಎಬ್ಬಿಸಿ ಕಳಿಸಿದಳು.

ಹೋದರೆ ಅಲ್ಲಿ ನನ್ನ ಶಿಷ್ಯರೆಲ್ಲ ಇಮ್ರಾನ್‌ನ ಎದುರು ಸಾಲಾಗಿ ನಿಂತಿದ್ದರು. ಅಖಾಡದ ಪಕ್ಕದಲ್ಲಿ ದಪ್ಪ ನೀಲಿ ಮ್ಯಾಟು ಹಾಸಿತ್ತು. ನನ್ನನ್ನು ನೋಡಿ ಮಕ್ಕಳು ತಲೆ ತಗ್ಗಿಸಿದರು. ನಾನು ಗ್ಲೌಸ್ ಹುಡುಕುವವನಂತೆ ಗೋಡೆಯ ಕಡೆ ತಿರುಗಿದೆ. ಇಮ್ರಾನ್ ಓಡಿ ಬಂದ.

"ಸರ್, ನಿಮ್ಮ ಮನೆಗೇ ಬರಬೇಕು ಅಂತಿದ್ದೆ. ಹುಡುಗರಿಗೆ ಹಿಡಿಯಾಕೆ ಹೇಳಿಕೊಡ್ತೀನಿ, ಗುದ್ದಾಕೆ ನಂಗೆ ಸರಿಯಾಗಿ ಬರಲ್ಲ. ಬಾಕ್ಸಿಂಗ್ ಇಲ್ದೆ ಎಂಎಂಎ ಆಗಲ್ಲ ಸರ್. ನೀವು ದಿನಾ ಅರ್ಧ ಗಂಟೆ ಬರ್ಬೇಕು."

ಆಲೋಚಿಸಿ ಹೇಳುತ್ತೇನೆ ಎಂದೆ. ಅಷ್ಟು ಹೇಳುವಷ್ಟರಲ್ಲಿ ಗ್ಲೌಸ್ ಕೈಗೆ ಹಾಕಿಕೊಂಡಾಗಿತ್ತು. ಎಡಗೈಯ ಹೊಡೆತ ಹೇಗೆ ಭುಜದಿಂದ ನೆಟ್ಟಗೆ ಹೊರಡಬೇಕು ಎಂದು ತೋರಿಸಿದೆ. ಮಕ್ಕಳು "ಕೋಚ್, ಇನ್ನೊಂದ್ಸಲ" ಎಂದರು. ಆ ಒಂದು ಕರೆಗೆ ಕಣ್ಣು ತುಂಬಿತು, ಬೆವರು ಎಂದು ಒರೆಸಿಕೊಂಡೆ. ನನ್ನ ಅರ್ಧ ಗಂಟೆ ಮುಗಿದ ಮೇಲೆ ಇಮ್ರಾನ್, "ಈಗ ಕೆಡವೋದು. ಸರ್, ಹುಡುಗರಿಗೆ ತೋರ್ಸಾಕೆ ಸ್ವಲ್ಪ ಬರ್ತೀರಾ?" ಎಂದು ಬಹಳ ಗೌರವದಿಂದ ಕರೆದ.

ಈಗ ಇದು ದಿನದ ಕಾರ್ಯಕ್ರಮ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮುಖದ ಹತ್ತಿರ ಬಗ್ಗಿ, "ಕೋಚ್, ಬಾಕ್ಸರ್ ಆದೋರು ಎಂಎಂಎ ಅವರನ್ನ ಸೋಲಿಸಬಹುದಾ?" ಎಂದು ಕೇಳಿದಳು. ಇಮ್ರಾನ್‌ನ ಮೊಣಕಾಲು ನನ್ನ ಎದೆಯ ಮೇಲಿತ್ತು. ಉಸಿರು ಸಿಕ್ಕಿದ ಕೂಡಲೇ ಹೇಳಿದೆ:

"ಖಂಡಿತ. ಸ್ವಲ್ಪ ಅಂತರ ಕಾಯ್ದುಕೊಳ್ಳಬೇಕು, ಅಷ್ಟೇ."